ಜಲಾಂತರ್ಗಾಮಿಗೆ ಕಿಟಕಿ ಕೂರಿಸಿದ ಬಗೆ

ಒಬ್ಬರೇ ಕೂರುವಂಥ ಸಣ್ಣ ಜಲಾಂತರ್ಗಾಮಿಯನ್ನು ನಾನು ಕಟ್ಟುತ್ತಿರುವ ಸುದ್ದಿ ಹುಬ್ಬಳ್ಳಿಯ ಗೋಕುಲ ರಸ್ತೆಯ ಲೇತ್ ಶೆಡ್ಡುಗಳಲ್ಲಿ ಹರಡಿದ ಮೇಲೆ, ನೋಡಲು ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಗಾಜು ಎಷ್ಟು ದಪ್ಪ?’ ಅದು ಗಾಜಲ್ಲ, ಅಕ್ರಿಲಿಕ್ ಎಂಬ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್. ದಪ್ಪ 40 ಮಿ.ಮೀ. ಆದರೆ ನನ್ನ ಬೆವರು ಹೆಚ್ಚು ಹರಿದದ್ದು ಅದು ಕೂರುವ ಉಕ್ಕಿನ ಸೀಟಿಗೆ. ಸೀಟು ಡೊಂಕಿದ್ದರೆ ಭಾರವೆಲ್ಲ ಒಂದೆರಡು ಉಬ್ಬುಗಳ ಮೇಲೆ ಬೀಳುತ್ತದೆ, ಬಿರುಕು ಅಲ್ಲಿಂದಲೇ ಏಳುತ್ತದೆ. ದಪ್ಪ ಅದನ್ನು ತಡೆಯುವುದಿಲ್ಲ.

ಭಾರ ಎಂದರೆ ಎಷ್ಟು? ನೀರಿನಲ್ಲಿ ಪ್ರತಿ 10 ಮೀಟರಿಗೆ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ ಏರುತ್ತದೆ. ನನ್ನ ಕಿಟಕಿಯ ತಟ್ಟೆ 200 ಮಿ.ಮೀ. ಅಗಲ. ನಾನು ಇಳಿಯಬೇಕೆಂದಿರುವ 10 ಮೀಟರಿನಲ್ಲಿ ಅದರ ಮೇಲೆ 314 ಕಿಲೋ, ಪರೀಕ್ಷೆಗೆ ಆರಿಸಿಕೊಂಡ 30 ಮೀಟರಿನ ಒತ್ತಡದಲ್ಲಿ 940 ಕಿಲೋ.

ಆಳಕ್ಕೆ ಹೋಗುವವರು ಶಂಕುವಿನಾಕಾರದ ಕಿಟಕಿ ಬಳಸುತ್ತಾರೆ. 1960ರಲ್ಲಿ ಮರಿಯಾನಾ ಕಂದಕದ ತಳ ಮುಟ್ಟಿದ ‘ಟ್ರಿಯೆಸ್ಟ್’ ನೌಕೆಯಲ್ಲಿ ಇದ್ದದ್ದೂ ಅಂಥದ್ದೇ. ನೀರು ಒತ್ತಿದಷ್ಟೂ ಅದು ಬೆಣೆಯಂತೆ ಬಿಗಿಯಾಗುತ್ತದೆ. ಆದರೆ ಕಿಟಕಿಯ ಕೋನವೂ ಸೀಟಿನ ಕೋನವೂ ಕೂದಲೆಳೆಯಷ್ಟೂ ತಪ್ಪದಂತೆ ಕೂಡಬೇಕು. ನನ್ನ ಆಳಕ್ಕೆ ಅದು ಅನಗತ್ಯ ಎನ್ನಿಸಿ ಚಪ್ಪಟೆ ತಟ್ಟೆಯನ್ನೇ ಆರಿಸಿದೆ. ಒಳಗಿನ ತೆರವು 150 ಮಿ.ಮೀ.; ಸುತ್ತ 25 ಮಿ.ಮೀ. ಅಂಚು ಸೀಟಿನ ಮೇಲೆ ಕೂರುತ್ತದೆ.

ಸೀಟಿನ ರಿಂಗಿಗೆ ಮೊದಲು ಲೇತಿನಲ್ಲಿ ಒರಟು ರೂಪವನ್ನಷ್ಟೇ ಕೊಟ್ಟು, ಕಡೆಯ ಮೂರು ಮಿ.ಮೀ. ಲೋಹವನ್ನು ಉಳಿಸಿ, ಜಲಾಂತರ್ಗಾಮಿಯ ಮೇಲೆ ಎದ್ದು ನಿಲ್ಲುವ ಗೋಪುರಕ್ಕೆ ವೆಲ್ಡ್ ಮಾಡಿಸಿದೆ. ವೆಲ್ಡಿಂಗ್ ಬಿಸಿಗೆ ರಿಂಗು ಸೊಟ್ಟಗಾಗಿಯೇ ತೀರುತ್ತದೆ. ಎಂಥ ಕೈಯವನು ವೆಲ್ಡ್ ಮಾಡಿದರೂ ಅಷ್ಟೆ. ಆಮೇಲೆ ಇಡೀ ಗೋಪುರವನ್ನು ಬೋರಿಂಗ್ ಯಂತ್ರದ ಮೇಜಿಗೆ ಬಿಗಿದು ಸೀಟನ್ನು ಫೇಸ್ ಮಾಡಿದೆವು, ಅಂದರೆ ಅದರ ಮುಖವನ್ನು ಸಮತಟ್ಟಾಗಿ ಕಡೆದೆವು. ಸಮತಟ್ಟಾದ ಪ್ಲೇಟಿಗೆ ನೀಲಿ ಬಣ್ಣ ಸವರಿ ಸೀಟಿನ ಮೇಲೆ ಒತ್ತಿ ನೋಡಿದರೆ ಆರಂಭದಲ್ಲಿ ನೀಲಿ ಹತ್ತಿದ್ದು ಅರ್ಧ ಸುತ್ತಿಗೆ ಮಾತ್ರ. ಸುತ್ತಲೂ ಒಂದೇ ಸಮ ಹತ್ತುವ ತನಕ ಕೆರೆದದ್ದು ಕೈಯಿಂದ.

ಅಕ್ರಿಲಿಕ್ ಎಂದರೆ ಬೋರ್ಡು ಬರೆಯುವವರ ಅಂಗಡಿಯ ಹಾಳೆಯಲ್ಲ. ಎರಕ ಹೊಯ್ದು ಮಾಡಿದ ಒಂದೇ ದಪ್ಪ ತುಂಡಾಗಿರಬೇಕು. ತೆಳು ಹಾಳೆಗಳನ್ನು ಅಂಟಿಸಿದ್ದು ಬೇಡ. ಅದಕ್ಕೆ ಬೋಲ್ಟಿನ ತೂತನ್ನಂತೂ ಕೊರೆಯಲೇಬಾರದು. ಲೇತಿನಲ್ಲಿ ಹರಿತವಾದ ಟೂಲ್ ಹಾಕಿ ನಿಧಾನವಾಗಿ ಕಡೆದೆ. ತಂಪಿಗೆ ಬರೀ ನೀರು. ಅಗಲದಲ್ಲಿ ಅರ್ಧ ಮಿ.ಮೀ. ಸಡಿಲ ಬಿಟ್ಟೆ. 30 ಡಿಗ್ರಿ ಬಿಸಿ ಏರಿದರೆ ಈ ತಟ್ಟೆ 0.4 ಮಿ.ಮೀ. ಹಿಗ್ಗುತ್ತದೆ, ಅದೇ ಅಳತೆಯ ಉಕ್ಕು 0.07 ಮಾತ್ರ. ನಮ್ಮ ಏಪ್ರಿಲ್ ಬಿಸಿಲಿಗೆ ತಗಡಿನ ಶೆಡ್ಡಿನಲ್ಲಿ ಈ ಲೆಕ್ಕ ಪುಸ್ತಕದ ಬದನೆಕಾಯಿ ಅಲ್ಲ.

ಕಡೆದಾಗ ಅಕ್ರಿಲಿಕ್ಕಿನೊಳಗೆ ಬಿಗಿತ ಉಳಿಯುತ್ತದೆ. ಅದನ್ನು ಬಿಸಿ ಮಾಡಿ ಬಿಡಿಸಬೇಕು. ಮೋಟಾರ್ ರಿವೈಂಡಿಂಗ್ ಮಾಡುವ ಪರಿಚಯದವರ ಓವನ್ ಇತ್ತು. ‘ಕಾಯಿಲ್ ಬೇಯಿಸುವ ಓವನ್ ರೀ, ನಿಮ್ಮ ಪ್ಲಾಸ್ಟಿಕ್ ಕರಗಿದರೆ ನಮ್ಮನ್ನು ಕೇಳಬೇಡಿ’ ಎಂದರು. ನನಗಿದ್ದ ಹೆದರಿಕೆ ಕರಗುವುದರದ್ದಲ್ಲ, ವಾರ್ನಿಷ್ ಆವಿಯದ್ದು. ಥಿನ್ನರ್, ಸ್ಪಿರಿಟ್, ಅಸಿಟೋನ್ ಜಾತಿಯ ಯಾವುದೇ ಆವಿ ತಗುಲಿದರೂ ಅಕ್ರಿಲಿಕ್ ಮೇಲೆ ಕೂದಲಿನಂಥ ಸೀಳುಗಳು ಏಳುತ್ತವೆ. ಹಾಗಾಗಿ ಓವನ್ನನ್ನು ಉಜ್ಜಿ, ವಾಸನೆ ಹೋಗುವವರೆಗೆ ಖಾಲಿ ಉರಿಸಿ, ಆಮೇಲೆ ತಟ್ಟೆ ಇಟ್ಟೆ. 85 ಡಿಗ್ರಿಯಲ್ಲಿ ರಾತ್ರಿಯಿಡೀ. ಮರುದಿನ ಗಂಟೆಗೆ ಐದಾರು ಡಿಗ್ರಿಯಂತೆ ಇಳಿಸಿದ್ದು. ಅವಸರ ಮಾಡಿ ಬಾಗಿಲು ತೆರೆದರೆ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ.

ಕೂರಿಸುವುದು ಸುಲಭ. ಸೀಟಿನ ಮೇಲೆ ತೆಳು ನಿಯೋಪ್ರೀನ್ ರಬ್ಬರಿನ ಗ್ಯಾಸ್ಕೆಟ್, ಅದರ ಮೇಲೆ ತಟ್ಟೆ, ಹೊರ ಅಂಚಿನ ಇಳಿಜಾರಿಗೆ ನೀರು ತಡೆಯುವ ರಬ್ಬರ್ ಉಂಗುರ, ಅಂದರೆ ಓ-ರಿಂಗ್, ಮೇಲೆ ಬಿಗಿಯುವ ಉಕ್ಕಿನ ಬಳೆ. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಕಿಟಕಿಯನ್ನು ಒಳಕ್ಕೆ ಒತ್ತಿ ಹಿಡಿಯುವುದು ನೀರೇ. ಬಳೆಗೆ ಓ-ರಿಂಗನ್ನು ಅಮುಕುವಷ್ಟೇ ಕೆಲಸ. ನಮ್ಮ ಹುಡುಗರಿಗೆ ಉದ್ದನೆಯ ಪಾನಾ ಕೊಡದಿರುವುದು ಕ್ಷೇಮ.

ಪರೀಕ್ಷೆಗೆ ಅದೇ ಅಳತೆಯ ಸೀಟುಳ್ಳ ಉಕ್ಕಿನ ಡಬ್ಬಿ ಮಾಡಿ, ನೀರು ತುಂಬಿ, ಪೈಪ್‌ಲೈನ್ ಪರೀಕ್ಷಿಸುವ ಕೈಪಂಪಿನಿಂದ ಒತ್ತಡ ಏರಿಸಿದೆ. ಗಾಳಿಯಿಂದ ಮಾಡಬಾರದು, ಅದುಮಿದ ಗಾಳಿಯಲ್ಲಿ ಕಿಟಕಿ ಒಡೆದರೆ ಬಾಂಬು. ಒಣಗಿರುವ ಬದಿಗೆ, ತಟ್ಟೆಯ ನಡುಮಧ್ಯಕ್ಕೆ, ಅದು ಎಷ್ಟು ಬಾಗುತ್ತದೆಂದು ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ಇಟ್ಟಿದ್ದೆ. ಮೂರು ಕಿಲೋ ಒತ್ತಡಕ್ಕೆ ಮುಳ್ಳು ಕೆಲವೇ ಮನೆ ಸರಿದು ನಿಂತಿತು. ನಾನು ಕಾಯುತ್ತಿದ್ದದ್ದು ಅದು ನಿಂತಲ್ಲೇ ನಿಲ್ಲುತ್ತದೆಯೇ ಎಂದು ನೋಡಲು. ಒತ್ತಡ ಏರದೆಯೂ ಮುಳ್ಳು ಮೆಲ್ಲಗೆ ಸರಿಯುತ್ತಲೇ ಇದ್ದರೆ ಆ ತಟ್ಟೆಯನ್ನು ನಂಬುವಂತಿಲ್ಲ. ಆಮೇಲೆ ಬಿಚ್ಚಿ, ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿ ಅಂಚಿನಲ್ಲಿ ಸೀಳುಗಳಿಗಾಗಿ ಹುಡುಕಿದೆ. ಇರಲಿಲ್ಲ.

ಚಪ್ಪಟೆ ಕಿಟಕಿಯಿಂದ ನೀರಿನಲ್ಲಿ ಎಲ್ಲವೂ ಇರುವುದಕ್ಕಿಂತ ಹತ್ತಿರ ಕಾಣುತ್ತದೆ: ನಾಲ್ಕು ಮೀಟರ್ ದೂರದ ಕಲ್ಲು ಮೂರು ಮೀಟರಿನಲ್ಲಿ ಇದ್ದಂತೆ. ನಮ್ಮ ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ ಈ ಚಿಂತೆಯೇ ಇಲ್ಲ. ಅಲ್ಲಿ ಕಾಣುವುದು ಹಸಿರೊಂದೇ.

ಈಗ ಕಿಟಕಿಯನ್ನು ಸೋಪಿನ ನೀರಿನಿಂದ ಮಾತ್ರ ಒರೆಸುತ್ತೇನೆ. ನಿಂತಾಗ ಬಿಸಿಲು ಬೀಳದಂತೆ ದಪ್ಪ ಬಟ್ಟೆ ಮುಚ್ಚುತ್ತೇನೆ. ಇಂಥ ತಟ್ಟೆಗಳಿಗೆ ಹತ್ತು ವರ್ಷದ ಆಯುಸ್ಸು ಎಂಬುದು ರೂಢಿಯ ಲೆಕ್ಕ. ಗೀರಿಲ್ಲದೆ ಫಳಫಳ ಹೊಳೆಯುತ್ತಿದ್ದರೂ ಬದಲಿಸಲೇಬೇಕು. ಕೂರಿಸಿದ ತಿಂಗಳು, ವರ್ಷವನ್ನು ಬಳೆಯ ಉಕ್ಕಿನ ಮೇಲೆ ಪಂಚ್ ಮಾಡಿದ್ದೇನೆ.