ಎರೆ ಮಣ್ಣಿನ ಮೇಲೆ ಮನೆ ಕಟ್ಟುತ್ತೀರಾ? ನೆಲದಡಿ ಜಾಗ ಬಿಡಿ

ಕಲಬುರಗಿ ಸುತ್ತ ಎಷ್ಟೋ ಪ್ಲಾಟುಗಳು ಮೊನ್ನೆ ಮೊನ್ನೆವರೆಗೂ ತೊಗರಿ ಹೊಲ. ಕೆಳಗಿರುವುದು ಎರೆ ಮಣ್ಣು. ಮಳೆಗೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಒಣಗಿ ಬಾಯಿ ಬಿಡುತ್ತದೆ. ಅದರ ಮೇಲೆಯೇ ಸುಮ್ನೆ ಮುರುಮ್ (ಗರಸು) ತುಂಬಿ ಫರ್ಸಿ ಕಲ್ಲು ಹಾಸಿದರೆ ನಡುಮನೆ ನೆಲ ಏಳುತ್ತದೆ, ಗೋಡೆ ಸೀಳುತ್ತದೆ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ.

ಅಮೆರಿಕದ ಎಷ್ಟೋ ಕಟ್ಟಿಗೆ ಮನೆಗಳಲ್ಲಿ ನೆಲದ ಕೆಳಗೆ ಆಳು ತೆವಳುವಷ್ಟು ಜಾಗ ಇರುತ್ತದೆ. ಅದೇ ಕ್ರಾಲ್ ಸ್ಪೇಸ್. ಪೈಪು, ವೈರು ಅಲ್ಲೇ ಹೋಗುತ್ತವೆ, ಕಟ್ಟಿಗೆಗೆ ಮಣ್ಣಿನ ತೇವ ತಾಗುವುದಿಲ್ಲ. ನಮಗೆ ಅದಕ್ಕಿಂತ ದೊಡ್ಡ ಲಾಭವಿದೆ: ಮಣ್ಣು ಉಬ್ಬಿದರೂ ನೆಲವನ್ನು ಮುಟ್ಟುವುದಿಲ್ಲ.

ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಒಂದೆರಡು ಅಡಿಗೇ ಗಟ್ಟಿ ಮುರುಮ್ ಅಥವಾ ಬಂಡೆ ಸಿಕ್ಕರೆ ಇಷ್ಟೆಲ್ಲ ಬೇಡ, ಅಲ್ಲಿಂದಲೇ ಪಾಯ ಎಬ್ಬಿಸಬಹುದು. ಬೀದರ್ ಊರಿನ ಕೆಂಪು ಜಂಬಿಟ್ಟಿಗೆ ನೆಲಕ್ಕೂ ಈ ಕಾಟವಿಲ್ಲ.

ಎರೆ ಆಳವಾಗಿದ್ದರೆ ಅಂಡರ್‌ರೀಮ್ಡ್ ಪೈಲ್, ಅಂದರೆ ನೆಲದೊಳಗೆ ಇಳಿಸುವ ಗಡ್ಡೆಯಿರುವ ಕಾಂಕ್ರೀಟ್ ಕಂಬ, ಹಾಕಿಸಿ. ಸಾಮಾನ್ಯವಾಗಿ ಮೂರೂವರೆ ಮೀಟರ್ ಆಸುಪಾಸು ಕೊರೆದು, ತಳದ ಹತ್ತಿರ ಕಂಬದ ಎರಡೂವರೆ ಪಟ್ಟು ಅಗಲದ ಗಡ್ಡೆ ಮಾಡುತ್ತಾರೆ. ಅಷ್ಟು ಆಳದಲ್ಲಿ ಮಣ್ಣಿನ ತೇವ ಹೆಚ್ಚು ಏರುಪೇರಾಗುವುದಿಲ್ಲ. ಆಳ, ಕಬ್ಬಿಣದ ಲೆಕ್ಕವನ್ನು ಎಂಜಿನಿಯರ್ ಹೇಳಬೇಕು, ಗೌಂಡಿಯ ಅಂದಾಜಿಗೆ ಬಿಡಬೇಡಿ.

ಪೈಲ್‌ಗಳ ಮೇಲೆ ಬರುವ ಬೀಮ್ ಮಣ್ಣಿಗೆ ತಾಗಲೇಬಾರದು. ಕನಿಷ್ಠ 80 ಮಿ.ಮೀ. ಸಂದು ಬೇಕು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಕೆಳಗಿನ ಹಲಗೆ, ಉದುರಿದ ಮಾಲು, ಇಟ್ಟಿಗೆ ಚೂರು ಎಲ್ಲವನ್ನೂ ಎಳೆದು ತೆಗೆಸಿ. ಕೋಲು ಹಾಕಿ ಆ ಬದಿಯಿಂದ ಈ ಬದಿಗೆ ಬರುತ್ತದಾ ನೋಡಿ. ಸಂದಿಗೆ ಮಣ್ಣು ತುಂಬಿದರೆ ಖರ್ಚೆಲ್ಲ ನೀರಿನಲ್ಲಿ ಹೋಮ. ಹೊರಬದಿಗೆ ಮಾತ್ರ ತೆಳು ಫರ್ಸಿ ತುಂಡು ನಿಲ್ಲಿಸಿ ಮರೆ ಮಾಡಿ.

ಬೀಮ್ ಮೇಲೆ ಎರಡಡಿ ಗೋಡೆ, ಅದರ ಮೇಲೆ ಆರ್‌ಸಿಸಿ ಸ್ಲ್ಯಾಬ್, ಆಮೇಲೆ ನಿಮ್ಮಿಷ್ಟದ ಶಹಾಬಾದ್ ಫರ್ಸಿ. ಪ್ಲಂಬರ್ ಒಳಗೆ ಹೋಗಲು ಒಂದು ಚಿಕ್ಕ ಬಾಗಿಲು ಬಿಡಿ. ಎದುರುಬದುರು ಗೋಡೆಗಳಲ್ಲಿ ಗಾಳಿಗೆ ಕಿಂಡಿ ಇರಲಿ. ಕಿಂಡಿಗೆ ಸಣ್ಣ ಕಣ್ಣಿನ ಗಟ್ಟಿ ಜಾಳಿಗೆ ಬೇಕೇ ಬೇಕು. ನಮ್ಮ ಕಡೆ ಹಾವು, ಚೇಳಿನ ಭಯ ಜಾಸ್ತಿ ಅಲ್ವಾ?

ಖರ್ಚು ಮುರುಮ್ ತುಂಬುವುದಕ್ಕಿಂತ ಜಾಸ್ತಿ, ನಿಜ. ಆದರೆ ಎದ್ದ ನೆಲವನ್ನು ಕಿತ್ತು ಮತ್ತೆ ಹಾಸಿದವರನ್ನು ಕೇಳಿ ನೋಡಿ. ಹಣ ಸಾಲದಿದ್ದರೆ ಕಾಂಪೌಂಡ್ ಗೇಟಿನ ಶೋಕಿ ಬಿಡಿ, ಪಾಯದಲ್ಲಿ ಉಳಿಸಬೇಡಿ.

ಮನೆ ಸುತ್ತ ಹೊರಕ್ಕೆ ಇಳಿಜಾರು ಕೊಟ್ಟು ಫರ್ಸಿ ಹಾಸಿ, ಬಚ್ಚಲ ನೀರು ಪಾಯದ ಬಳಿ ನಿಲ್ಲದಂತೆ ಮೋರಿ ಮಾಡಿಸಿ. ವರ್ಷಕ್ಕೊಮ್ಮೆ, ಮಿರಗದ ಮಳೆಗೆ ಮುಂಚೆ, ಬ್ಯಾಟರಿ ಹಿಡಿದು ಕೆಳಗೆ ಇಣುಕಿ. ಪೈಪು ಸೋರಿದ ಹಸಿ ಗುರುತು, ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಆಗಲೇ ರಿಪೇರಿ ಮಾಡಿಸಿ.