ಹುಳುಕಡ್ಡಿ ಕ್ರೀಮಿನ ಖರ್ಚು ಐದನೇ ಒಂದು ಭಾಗಕ್ಕೆ ಇಳಿದದ್ದು ಹೀಗೆ

"ಅಣ್ಣ, ಜಿಪುಣತನಕ್ಕೂ ಒಂದು ಮಿತಿ ಇರಬೇಕು" ಅಂತ ನನ್ನ ತಮ್ಮ ನಕ್ಕಿದ್ದ. ಈಗ ನಗುತ್ತಿಲ್ಲ. ನನ್ನ ಹುಳುಕಡ್ಡಿ ವಾಸಿಯಾಗಿ ಎಂಟು ತಿಂಗಳಾಯಿತು, ಮತ್ತೆ ತಲೆ ಹಾಕಿಲ್ಲ. ಇದೇ ಕಾಟ ಅನುಭವಿಸಿದವರಿಗೆ ರೋಗದ ವಿವರ ಬೇಕಿಲ್ಲ, ಅಲ್ವಾ? ನೇರವಾಗಿ ದುಡ್ಡಿನ ವಿಷಯಕ್ಕೆ ಬರುತ್ತೇನೆ.

ಮೊದಲ ಸಲ ಡಾಕ್ಟರು ಬರೆದದ್ದು ಲುಲಿಕೊನಜೋಲ್ ಅನ್ನುವ ಶಿಲೀಂಧ್ರನಾಶಕ ಕ್ರೀಮು. ಹೆಸರುವಾಸಿ ಕಂಪನಿಯ 10 ಗ್ರಾಂ ಟ್ಯೂಬ್. ಬಿಲ್ ನೋಡಿ ಎದೆ ಧಸಕ್ ಎಂದಿತು. ಇಷ್ಟು ದುಡ್ಡು ಸುರಿದಿದ್ದೇನಲ್ಲ ಅಂತ ಧಾರಾಳವಾಗಿ ಮೆತ್ತಿಕೊಂಡೆ. ಐದು ದಿನಕ್ಕೆ ಟ್ಯೂಬ್ ಖಾಲಿ, ನವೆಯೂ ಮಾಯ. ಇನ್ನೊಂದು ತರಲು ಮನಸ್ಸು ಬರಲಿಲ್ಲ. ಮೂರು ವಾರಕ್ಕೆ ವಾಪಸ್ ಬಂತು, ಮೊದಲಿಗಿಂತ ಅಗಲವಾಗಿ.

ಎರಡನೇ ತಪ್ಪು ಇನ್ನೂ ದೊಡ್ಡದು. ಪರಿಚಯದವರೊಬ್ಬರು ಹೇಳಿದರು ಅಂತ, ಡಾಕ್ಟರ ಚೀಟಿ ಇಲ್ಲದೆ, ಮೂರು ಔಷಧಿ ಸೇರಿಸಿದ ಕ್ರೀಮು ತಂದೆ. ತುಂಬಾ ಅಗ್ಗ. ಎರಡೇ ದಿನಕ್ಕೆ ಕೆಂಪು ಇಳಿಯಿತು. ಗೆದ್ದೆ ಅಂದುಕೊಂಡೆ. ಅದರೊಳಗೆ ಸ್ಟೀರಾಯ್ಡ್ ಇತ್ತು. ಅದು ಕೆಂಪು, ತುರಿಕೆ ಇಳಿಸುತ್ತದೆ. ಶಿಲೀಂಧ್ರ ಮಾತ್ರ ಒಳಗೊಳಗೇ ಹಬ್ಬುತ್ತದೆ. ತಿಂಗಳೊಳಗೆ ಹೊಟ್ಟೆವರೆಗೆ ಏರಿತ್ತು. ಉಂಗುರದಂಥ ಅಂಚೂ ಅಳಿಸಿಹೋಗಿ, ಡಾಕ್ಟರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಯಿತು. ಆ ಪರೀಕ್ಷೆ, ಎರಡು ಸಲದ ಫೀಸು ಎಲ್ಲ ಸೇರಿದರೆ ಮೊದಲಿನ ದುಬಾರಿ ಟ್ಯೂಬೇ ನಾಲ್ಕು ಬರುತ್ತಿತ್ತು.

ನಡುವೆ ಬೆಳ್ಳುಳ್ಳಿ ಅರೆದು ಕಟ್ಟಿದ್ದೂ ಉಂಟು. ಚರ್ಮ ಸುಟ್ಟು ಬೊಬ್ಬೆ ಎದ್ದಿತು. ಆ ಕಲೆ ಈಗಲೂ ಇದೆ. ಅದರ ಬಗ್ಗೆ ಜಾಸ್ತಿ ಮಾತು ಬೇಡ.

ಆಮೇಲೆ ಪೆನ್ನು ಹಿಡಿದು ಕೂತೆ. ತೋರುಬೆರಳ ತುದಿಯಿಂದ ಮೊದಲ ಗೆರೆವರೆಗೆ ಹಿಂಡಿದ ಕ್ರೀಮು ಸುಮಾರು ಅರ್ಧ ಗ್ರಾಂ. ಅದು ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ನನಗೆ ನಂಬಿಕೆ ಬರಲಿಲ್ಲ, ಅಡುಗೆಮನೆಯ ತಕ್ಕಡಿಯಲ್ಲಿ ಟ್ಯೂಬ್ ಇಟ್ಟು ಹತ್ತು ದಿನ ತೂಗಿ ನೋಡಿದೆ. ಲೆಕ್ಕ ಹೆಚ್ಚುಕಡಿಮೆ ಸರಿ. ನನ್ನದು ಸುತ್ತಲಿನ ಎರಡು ಸೆಂಟಿಮೀಟರ್ ಸೇರಿ ನಾಲ್ಕು ಅಂಗೈ ಜಾಗ, ಅಂದರೆ ಒಂದು ಸಲಕ್ಕೆ ಒಂದು ಗ್ರಾಂ. ಮೊದಲು ನಾನು ಅದರ ಎರಡು ಪಟ್ಟು ಬಳಿಯುತ್ತಿದ್ದೆ!

ಈ ಲೆಕ್ಕ ಹಿಡಿದು ಡಾಕ್ಟರ ಹತ್ತಿರ ಹೋದೆ. "ಕಂಪನಿ ಹೆಸರು ಬೇಡ ಡಾಕ್ಟ್ರೇ, ಔಷಧಿಯ ಹೆಸರು ಬರೆಯಿರಿ. ಹಳೇ ಕಾಲದಿಂದ ಬಳಕೆಯಲ್ಲಿರುವ ಅಗ್ಗದ ಔಷಧಿ ಸಾಕಾಗುತ್ತದಾ?" ಅಂತ ಕೇಳಿದೆ. ಬೈತಾರೆ ಅಂದುಕೊಂಡಿದ್ದೆ. ಅವರು ಸುಮ್ಮನೆ ಔಷಧಿ ಚೀಟಿ ಹರಿದು ಹೊಸದು ಬರೆದರು: ಟರ್ಬಿನಾಫಿನ್ 1% ಕ್ರೀಮು, ದಿನಕ್ಕೆ ಒಂದೇ ಸಲ. ಸ್ಟೀರಾಯ್ಡ್ ಹಚ್ಚಿ ಕೆಡಿಸಿಕೊಂಡಿದ್ದರಿಂದ ನನಗೆ ನಾಲ್ಕು ವಾರ. ಬರೀ 28 ಗ್ರಾಂ. ಒಂದು 30 ಗ್ರಾಂ ಟ್ಯೂಬಿನಲ್ಲಿ ಕಥೆ ಮುಗಿಯುತ್ತದೆ.

ಶಿಲೀಂಧ್ರಕ್ಕೆ ಹಚ್ಚುವ ಇನ್ನೊಂದು ಕ್ರೀಮು ಕ್ಲೋಟ್ರಿಮಜೋಲ್ ಇನ್ನೂ ಅಗ್ಗ ಅಲ್ವಾ ಅಂತ ನೀವು ಕೇಳಬಹುದು. ಟ್ಯೂಬ್ ಅಗ್ಗ, ನಿಜ. ಆದರೆ ಅದನ್ನು ದಿನಕ್ಕೆ ಎರಡು ಮೂರು ಸಲ ಹಚ್ಚಬೇಕು. ಎರಡೇ ಸಲ ಅಂದರೂ ನಾಲ್ಕು ವಾರಕ್ಕೆ 56 ಗ್ರಾಂ. ನಾನು ಕೂಡಿಸಿ ನೋಡಿದಾಗ ಟರ್ಬಿನಾಫಿನ್ನೇ ಸ್ವಲ್ಪ ಕಡಿಮೆಗೆ ಬಂತು. ಕೆಲಸಕ್ಕೆ ಹೋಗುವವರು ಮಧ್ಯಾಹ್ನ ಎಲ್ಲಿ ಹಚ್ಚಿಕೊಳ್ಳುತ್ತಾರೆ, ಅದನ್ನೂ ಯೋಚಿಸಿ.

ಇನ್ನು ಕೊಳ್ಳುವ ವಿಷಯ. ನಾಲ್ಕು ಔಷಧಿ ಅಂಗಡಿಗೆ ಫೋನ್ ಮಾಡಿದೆ. ಅದೇ ಔಷಧಿ, ಅದೇ ಪ್ರಮಾಣ, ಒಂದು ಕಡೆ ಇನ್ನೊಂದರ ಎರಡು ಪಟ್ಟು ಬೆಲೆ. 15 ಗ್ರಾಮಿನ ಎರಡು ಟ್ಯೂಬಿಗೆ 30 ಗ್ರಾಮಿನ ಒಂದರ ಒಂದೂವರೆ ಪಟ್ಟು ಆಗುತ್ತಿತ್ತು. ಸ್ಪ್ರೇ, ಜೆಲ್ ಎಲ್ಲ ಕ್ರೀಮಿಗಿಂತ ದುಬಾರಿ. ವಿಮೆ ಇದೆ ಅಂತ ಹೆಮ್ಮೆಯಿಂದ ಕಾರ್ಡು ತೋರಿಸಿದೆ. ನನ್ನ ಪಾಲಿಗೆ ಬಂದ ಮೊತ್ತ, ವಿಮೆ ಬಿಟ್ಟು ನೇರವಾಗಿ ದುಡ್ಡು ಕೊಟ್ಟರೆ ಆಗುವುದಕ್ಕಿಂತ ಜಾಸ್ತಿ! ಕೇಳದೇ ಇದ್ದಿದ್ದರೆ ಯಾರೂ ಹೇಳುತ್ತಿರಲಿಲ್ಲ. ಫೋನಿನಲ್ಲಿ ಮೊದಲ ಪ್ರಶ್ನೆಯಾಗಿ ನಾನೊಂದು ಮಾತು ಕೇಳುತ್ತೇನೆ, ಅಂಗಡಿಯವರು ತಾವಾಗಿಯೇ ಕಡಿಮೆ ಬೆಲೆಯದನ್ನು ಹುಡುಕುತ್ತಾರೆ. ಆ ಮಾತು ಏನು ಅಂತ ಮಾತ್ರ ಹೇಳಲ್ಲ. ಎಲ್ಲರೂ ಕೇಳತೊಡಗಿದರೆ ಅದು ನಡೆಯುವುದಿಲ್ಲ.

ಟ್ಯೂಬಿನ ಬೆನ್ನಿಗೆ ಪೆನ್ನಿನಿಂದ ನಾಲ್ಕು ಗೆರೆ ಎಳೆದೆ, ವಾರಕ್ಕೊಂದು. ಹತ್ತನೇ ದಿನಕ್ಕೆ ನವೆ ನಿಂತರೂ ಆ ಗೆರೆಗಳೇ ನನ್ನನ್ನು ಮುಂದುವರಿಸಿದವು. ಮೈ ಒರೆಸುವ ಟವೆಲ್ಲನ್ನು ಬೇರೆ ಮಾಡಿ, ಒಳಬಟ್ಟೆಗಳನ್ನು ಬಿಸಿನೀರಲ್ಲಿ ಒಗೆದೆ.

ಅಷ್ಟರಲ್ಲಿ, ಆಗ ನಮ್ಮ ಮನೆಯಲ್ಲೇ ಇದ್ದ ತಮ್ಮನಿಗೂ ಅಂಟಿತ್ತು. ಅವನಿಗೂ ಡಾಕ್ಟರು ಟರ್ಬಿನಾಫಿನ್ನೇ ಬರೆದರು. ಅವನು ಹಟ ಹಿಡಿದು ದೊಡ್ಡ ಕಂಪನಿಯದನ್ನೇ ತಂದ. ನಾನು ಪ್ರತಿ ಭಾನುವಾರ ಇಬ್ಬರ ಮಚ್ಚೆಯನ್ನೂ ಸ್ಕೇಲಿನಲ್ಲಿ ಅಳೆದೆ. ಇಬ್ಬರದೂ ಸರಿಸುಮಾರು ಒಂದೇ ಹೊತ್ತಿಗೆ ಮಾಸಿತು. ಇಬ್ಬರ ಲೆಕ್ಕದಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೂ ಅವನ ಖರ್ಚು ನನ್ನ ಐದು ಪಟ್ಟು.

ಉಗುರಿಗೆ ಹತ್ತಿದ್ದರೆ ಈ ಲೆಕ್ಕ ನಡೆಯದು. ಅದಕ್ಕೆ ಹೆಚ್ಚಾಗಿ ಮಾತ್ರೆಯೇ ಬೇಕಾಗುತ್ತದೆ, ಅದೂ ವಾರಗಟ್ಟಲೆ.

ಮೊನ್ನೆ ತಮ್ಮನ ಕಾಲ್ಬೆರಳ ಸಂದಿಯಲ್ಲಿ ಮತ್ತೆ ಕಾಣಿಸಿಕೊಂಡಿದೆ. ಡಾಕ್ಟರ ಹತ್ತಿರ ಹೋಗುವ ಮೊದಲೇ ನನಗೆ ಫೋನ್ ಮಾಡಿದ. "ಅಣ್ಣ, ಆ ಅಂಗಡಿಯವರಿಗೆ ಮೊದಲು ಏನಂತ ಕೇಳಬೇಕು?"