ಬಾತುಕೋಳಿ ಕುಂಟಿದರೆ ಮೊದಲು ಅಂಗಾಲು ನೋಡಿ

ಬಾತುಕೋಳಿ ಕುಂಟತೊಡಗಿದರೆ ಅಟ್ಟಿಸಿಕೊಂಡು ಹೋಗಿ ಹಿಡಿಯಬೇಡಿ. ಕೋಳಿಯನ್ನು ಕಾಲು ಹಿಡಿದು ತಲೆಕೆಳಗಾಗಿ ಎತ್ತುವ ರೂಢಿ ನಮ್ಮಲ್ಲಿದೆ. ಬಾತಿನ ಕಾಲು ಅದನ್ನು ತಡೆಯುವಂಥದ್ದಲ್ಲ, ಎತ್ತಿದ ಗಳಿಗೆಯಲ್ಲೇ ಕೀಲು ತಪ್ಪಬಹುದು. ಸಂಜೆ ಗೂಡು ಸೇರಿದ ಮೇಲೆ ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು, ಒಂದು ಅಂಗೈಯನ್ನು ಹೊಟ್ಟೆಯಡಿ ತೂರಿಸಿ ಎತ್ತಿ. ತಲೆಯ ಮೇಲೆ ಹಳೇ ಟವೆಲ್ಲನ್ನು ಸಡಿಲವಾಗಿ ಹಾಕಿದರೆ ತಾನೇ ಸುಮ್ಮನಾಗುತ್ತದೆ.

ಈಗ ಮಡಿಲಲ್ಲಿ ಕೂರಿಸಿಕೊಂಡು ಪಾದ ತಿರುಗಿಸಿ ನೋಡಿ. ಅಂಗಾಲಿನ ನಡುವೆ ಆಣಿಯಂಥ ಕಪ್ಪು ಹಕ್ಕಳೆ, ಸುತ್ತ ಊತ, ಮುಟ್ಟಿದರೆ ಬಿಸಿ ಇದ್ದರೆ ಅದು ಪಶುವೈದ್ಯರು ‘ಬಂಬಲ್‌ಫುಟ್’ ಎನ್ನುವ ಅಂಗಾಲಿನ ಕುರು. ಗಚ್ಚು ನೆಲ, ಜಲ್ಲಿ, ತಂತಿಬಲೆಯ ಮೇಲೆ ನಡೆದು ಆದ ಸಣ್ಣ ಗೀರಿನಿಂದ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಒಳಹೊಕ್ಕಿರುತ್ತದೆ. ಪೆಕಿನ್‌ನಂಥ ಭಾರದ ತಳಿಗೆ ಇದು ಬೇಗ ಬರುತ್ತದೆ. ಖಾಕಿ ಕ್ಯಾಂಪ್‌ಬೆಲ್ ಹಗುರವಾದರೂ ಸಿಮೆಂಟಿನ ಮೇಲೇ ಸಾಕಿದರೆ ಅದಕ್ಕೂ ತಪ್ಪದು. ಇದನ್ನು ಹಿಸುಕಲು ಹೋಗಬಾರದು. ಹಕ್ಕಿಯ ಕೀವು ನಮ್ಮದರ ಹಾಗೆ ಹರಿಯುವುದಿಲ್ಲ, ಗಿಣ್ಣಿನ ಚೂರಿನಂತೆ ಒಳಗೇ ಗಟ್ಟಿಯಾಗಿ ಕೂತಿರುತ್ತದೆ. ಹಿಸುಕಿದರೆ ಹೊರಬರುವ ಬದಲು ಆಳಕ್ಕಿಳಿದು ಸ್ನಾಯುರಜ್ಜು, ಮೂಳೆಗೆ ತಾಗುತ್ತದೆ. ಬ್ಲೇಡ್ ಹಿಡಿದು ಕೊರೆಯುವ ಧೈರ್ಯವಂತರೂ ಇದ್ದಾರೆ. ಆ ಕೆಲಸ ಡಾಕ್ಟರಿಗೇ ಬಿಡಿ.

ಮನೆಯಲ್ಲಿ ಮಾಡಬೇಕಾದ್ದು ಇಷ್ಟು. ಎರಡು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಎಪ್ಸಮ್ ಉಪ್ಪು (ಅಡುಗೆ ಉಪ್ಪಲ್ಲ, ಮೆಗ್ನೀಸಿಯಂ ಸಲ್ಫೇಟ್) ಕರಗಿಸಿ, ಪಾದ ಮುಳುಗುವಷ್ಟು ಮಾತ್ರ ನೀರಿರುವ ಟಬ್ಬಿನಲ್ಲಿ 10ರಿಂದ 15 ನಿಮಿಷ ನಿಲ್ಲಿಸಿ, ದಿನಕ್ಕೆ ಎರಡು ಸಲ. ಆ ನೀರು ಕುಡಿದರೆ ಭೇದಿ ಹಿಡಿಯುತ್ತದೆ, ಆದ್ದರಿಂದ ಮೊದಲೇ ಬೇರೆ ಪಾತ್ರೆಯಲ್ಲಿ ಹೊಟ್ಟೆ ತುಂಬ ನೀರು ಕುಡಿಸಿರಿ, ಪಕ್ಕದಲ್ಲೇ ಕೂತಿರಿ. ಆಮೇಲೆ ಬೆರಳ ಸಂದಿಯೂ ಒಣಗುವಂತೆ ಒರೆಸಿ, ಪೊವಿಡೋನ್ ಅಯೋಡಿನ್ ದ್ರಾವಣವನ್ನು ತೆಳು ಡಿಕಾಕ್ಷನ್ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ ಹಚ್ಚಿ. ಅಂಟದ ಗಾಜ್ ಪಟ್ಟಿ ಇಟ್ಟು, ಬೆರಳ ನಡುವೆ ಹಾಯಿಸಿ ಕಟ್ಟಿ, ದಿನವೂ ಬದಲಿಸಿ. ಕಟ್ಟಿದ ಅರ್ಧ ಗಂಟೆಗೆ ಬೆರಳು ಮುಟ್ಟಿ ನೋಡಿ: ತಣ್ಣಗಿದ್ದರೆ ಅಥವಾ ಊದಿದ್ದರೆ ಕಟ್ಟು ಬಿಗಿಯಾಗಿದೆ. ವಾಸಿಯಾಗಲು ವಾರಗಳೇ ಬೇಕು. ಊತ ಮೇಲಕ್ಕೇರಿದರೆ, ತೂಕ ಇಳಿದರೆ ಕಾಯಬೇಡಿ.

ನಮ್ಮ ಕಡೆ ಯಾವ ಗಾಯಕ್ಕೂ ಅರಿಶಿನ ಕಲಸಿದ ಕೊಬ್ಬರಿ ಎಣ್ಣೆಯೇ ಮದ್ದು. ಬಾತಿಗೆ ಎಣ್ಣೆ ಬೇಡ. ಗರಿಗೆ ತಾಗಿದರೆ ನೀರು ತಡೆಯುವ ಗುಣವೇ ಹೋಗಿ, ಮೈ ತೊಯ್ದು ಚಳಿ ಹಿಡಿಯುತ್ತದೆ. ಮೈಮೇಲಿನ ಗಾಯಕ್ಕೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಹಾಕಿ, ಸೂಜಿಯಿಲ್ಲದ ಸಿರಿಂಜಿನಿಂದ ತೊಳೆಯಿರಿ. ನಾಯಿ, ಬೆಕ್ಕು, ಮುಂಗುಸಿ ಕಚ್ಚಿದ ತೂತು ಮೇಲೆ ಚಿಕ್ಕದು, ಒಳಗೆ ಆಳ. ಅಂದೇ ಆ್ಯಂಟಿಬಯಾಟಿಕ್ ಬೇಕಾಗುತ್ತದೆ. ನೊಣ ಕೂತರೆ ಒಂದೇ ದಿನದಲ್ಲಿ ಹುಳು ಬೀಳಬಹುದು, ಹಗಲೂ ಸೊಳ್ಳೆಪರದೆ ಮುಚ್ಚಿ. ರೆಕ್ಕೆ ಜೋತುಬಿದ್ದಿದ್ದರೆ ಸಹಜವಾಗಿ ಮಡಿಸಿ ಮೈಸುತ್ತ ಮೆತ್ತನೆಯ ಬ್ಯಾಂಡೇಜ್ ಕಟ್ಟಬಹುದು, ಆದರೆ ಎದೆ ಬಿಗಿಯದಿರಲಿ. ಹಕ್ಕಿ ಎದೆಮೂಳೆ ಆಡಿಸಿಯೇ ಉಸಿರಾಡುವುದು. ಅದನ್ನು ಬಿಗಿದರೆ ಉಸಿರು ಕಟ್ಟುತ್ತದೆ. ಕಾಲಿನ ಮೂಳೆ ಮುರಿದಿದ್ದರೆ ಕೋಲು ಕಟ್ಟಲು ಹೋಗದೆ, ಇಕ್ಕೆಲದಲ್ಲಿ ಟವೆಲ್ ಸುರುಳಿ ಇಟ್ಟ ರಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿ ಪಶು ಆಸ್ಪತ್ರೆಗೆ ಒಯ್ಯಿರಿ.

ಪಾದ ಚೊಕ್ಕವಾಗಿದ್ದೂ ಕುಂಟುತ್ತಿದೆಯೇ? ಎರಡು ಮೂರು ವಾರದ ಮರಿಯ ಕಾಲು ಬಿಲ್ಲಾಗಿ, ಗಂಟು ದಪ್ಪಗಾಗಿದ್ದರೆ ನಿಯಾಸಿನ್ (ಬಿ3 ಜೀವಸತ್ವ) ಕೊರತೆಯನ್ನು ಮೊದಲು ಅನುಮಾನಿಸಿ. ಬಾತುಮರಿಗೆ ಕಿಲೋ ಆಹಾರದಲ್ಲಿ ಸುಮಾರು 55 ಮಿಲಿಗ್ರಾಂ ಬೇಕು, ಕೋಳಿಮರಿಗಿಂತ ಹೆಚ್ಚು. ಬರೀ ನುಚ್ಚಕ್ಕಿ ತಿನ್ನಿಸಿದರೆ ಅಷ್ಟು ಸಿಗದು. ಒಂದು ಲೋಟ ಆಹಾರಕ್ಕೆ ಒಂದು ದೊಡ್ಡ ಚಮಚ ಬ್ರೂವರ್ಸ್ ಯೀಸ್ಟ್ (ಬಿಯರ್ ತಯಾರಿಕೆಯ ಯೀಸ್ಟಿನ ಒಣ ಪುಡಿ) ಬೆರೆಸಿ; ಬ್ರೆಡ್ ಉಬ್ಬಿಸುವ ಯೀಸ್ಟ್ ಅಲ್ಲ, ಅದು ಹೊಟ್ಟೆಯಲ್ಲೇ ಹುದುಗುತ್ತದೆ. ತಡವಾದರೆ ಡೊಂಕು ಉಳಿದುಬಿಡುತ್ತದೆ. ಹೆಣ್ಣು ಬಾತು ಬಾಲ ಇಳಿಬಿಟ್ಟು ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಬೆಚ್ಚಗಿನ ನೀರಲ್ಲಿ 20 ನಿಮಿಷ ಕೂರಿಸಿಯೂ ಬರದಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಮನೆ ರಿಪೇರಿಯಾದ ಮೇಲೆ ಕಾಲು ಸೋತರೆ ಮೊಳೆ, ತಂತಿಚೂರು ನುಂಗಿರುವ ಅನುಮಾನವಿರಲಿ. ಹೊಳೆಯುವುದೆಲ್ಲ ಅದಕ್ಕೆ ತಿನಿಸೇ. ಕತ್ತು ಹಗ್ಗದಂತೆ ಜೋತರೆ ಕೊಳೆತ ನೀರು, ಸತ್ತ ಪ್ರಾಣಿಯ ವಿಷ. ಎರಡು ಮೂರು ಒಟ್ಟಿಗೆ ಸತ್ತರೆ ಸೋಂಕಿರಬಹುದು. ಆಗೆಲ್ಲ ಮನೆಮದ್ದು ಬದಿಗಿಟ್ಟು ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಸೊರಗಿದ ಬಾತಿಗೆ ಹಾಸಿಗೆಯೇ ಅರ್ಧ ಔಷಧಿ. ಗೋಣಿಚೀಲದ ಮೇಲೆ ನಾಲ್ಕು ಬೆರಳು ದಪ್ಪ ಒಣ ಮರದ ಹೊಟ್ಟು ಹರಡಿ, ಒದ್ದೆಯಾದಷ್ಟನ್ನು ಆಗಾಗ ತೆಗೆಯಿರಿ. ಮಳೆಗಾಲದಲ್ಲಿ ಬೂಸ್ಟು ಹಿಡಿದ ಬೈಹುಲ್ಲು ಹಾಸಿದರೆ ಶ್ವಾಸಕೋಶಕ್ಕೆ ಶಿಲೀಂಧ್ರ ಹತ್ತುತ್ತದೆ. ಬೂಸ್ಟಿನ ಶೇಂಗಾ ಹಿಂಡಿ, ಮುಸುಕಿನ ಜೋಳವಂತೂ ವಿಷವೇ. ಅದರ ಅಫ್ಲಾಟಾಕ್ಸಿನ್ ಬಾತುಮರಿಯನ್ನು ಕೊಲ್ಲುವಷ್ಟು ಬೇಗ ಬೇರೆ ಕೋಳಿಯನ್ನು ಕೊಲ್ಲದು. ಬಿಸಿಲಿಗಿಟ್ಟು ಕೊಟ್ಟರಾಯಿತು ಎನ್ನುವವರಿದ್ದಾರೆ, ಬೂಸ್ಟು ಒಣಗಿದರೂ ವಿಷ ಹೋಗುವುದಿಲ್ಲ.

ಕುಡಿಯುವ ಪಾತ್ರೆ ಕೊಕ್ಕು, ಮೂಗಿನ ಹೊಳ್ಳೆ ಮುಳುಗುವಷ್ಟು ಆಳವಿರಲಿ, ಇಲ್ಲವಾದರೆ ಕಣ್ಣು ಮೂಗು ಕಟ್ಟುತ್ತವೆ. ಬಾಯಿ ತೆರೆದು ನೀರು ಸುರಿಯಬಾರದು. ಉಸಿರಿನ ತೂತು ನಾಲಗೆಯ ಬುಡದಲ್ಲೇ ಇದೆ. ತಿನ್ನಲು ನೆನೆಸಿದ ಆಹಾರಕ್ಕೆ ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು, ಕಿವುಚಿದ ಬೆಂದ ಮೊಟ್ಟೆ ಸೇರಿಸಿ. ಮನುಷ್ಯರ ನೋವಿನ ಮಾತ್ರೆ ಚೂರೂ ಬೇಡ. ಜೊತೆಗಾರ ಬಾತು ಬಲೆಯಾಚೆ ಕಾಣುವಂತಿರಲಿ, ಒಂಟಿಯಾದರೆ ಮೇವು ಬಿಡುತ್ತದೆ. ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ, ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ.

ಗಾಯ ಮುಚ್ಚಿ ಹೊಸ ಚರ್ಮ ಬಂದ ಮೇಲೆಯೇ ಕೆರೆ, ತೊಟ್ಟಿ. ವಾರಗಟ್ಟಲೆ ನೀರಿಗಿಳಿಯದ ಗರಿಗೆ ಬಾತಿನ ಮೈಯದೇ ಸಹಜ ಎಣ್ಣೆ ಸರಿಯಾಗಿ ಹರಡಿರುವುದಿಲ್ಲ, ಬೇಗ ತೊಯ್ದು ಮುಳುಗಲೂಬಹುದು. ಮೊದಲ ದಿನ ಹತ್ತೇ ನಿಮಿಷ ಬಿಡಿ, ಪಕ್ಕದಲ್ಲೇ ನಿಂತಿರಿ, ಹೊರಬಂದ ಮೇಲೆ ಬಿಸಿಲಲ್ಲಿ ಕೊಕ್ಕಿನಿಂದ ಗರಿ ತೀಡಿಕೊಳ್ಳುವಷ್ಟು ಹೊತ್ತು ಕೊಡಿ.